ಹೊಸ್ತಿಲಿನಿಂದ ಹೊಸ್ತಿಲಿಗೆ

ಟೀಚರ್ ತೀರಿಕೊಂಡರೆಂಬ ಸುದ್ದಿ ಬಂದ ಬೆಳಿಗ್ಗೆ ನಾನು ಗುರುವಾಯನಕೆರೆಯ ಬಸ್‌ ಸ್ಟಾಪಿನಲ್ಲಿ ಹೋಗಿ ನಿಂತಾಗ ಮೂಡಬಿದಿರೆಯ ಬಸ್ಸು ಬರಲು ಇನ್ನೂ ಹನ್ನೆರಡು ನಿಮಿಷ ಇತ್ತು. ಗೂಡಂಗಡಿಯವನು ನನ್ನನ್ನು ನೋಡಿ, "ಎಂತ ಮಾಸ್ಟ್ರೇ, ಇವತ್ತು ಬಸ್ಸು ತಡವಾ, ನೀವು ಬೇಗವಾ?" ಎಂದು ಕೇಳಿದ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಹೊರಟ ಬಸ್ಸಿನ ಹಿಂದೆ ಕೊಡೆ ಬೀಸುತ್ತ ಓಡುವುದು ನನ್ನ ಹದಿಮೂರು ವರ್ಷದ ಅಭ್ಯಾಸ. ಹನ್ನೆರಡು ನಿಮಿಷ ಮೊದಲು ಬಂದು ನಿಲ್ಲುವುದು ಟೀಚರ ಅಭ್ಯಾಸ. ಅವರು ಇದ್ದಷ್ಟು ದಿನ ನಾನು ಅದನ್ನು ಕಲಿಯಲಿಲ್ಲ, ಹೋದ ದಿನ ಕಲಿತೆ. ನನಗೆ ಬುದ್ಧಿಯೂ ಬಸ್ಸು ಬಿಟ್ಟ ಮೇಲೆಯೇ ಬರುವುದು.

ಅವರು ಅಲ್ಲಿಯೇ ನಮ್ಮ ಹೈಸ್ಕೂಲಿನಲ್ಲಿ ಭೂಗೋಳ ಮತ್ತು ಗಣಿತ ಕಲಿಸುತ್ತಿದ್ದರು. ನಾನು ಕನ್ನಡ ಪಂಡಿತ. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಕೆಲಸಕ್ಕೆ ಸೇರಿದ ದಿನ ಎಲ್ಲರೂ ನನ್ನ ಊರು, ಮನೆತನ ವಿಚಾರಿಸಿದರೆ ಅವರು ಮಾತ್ರ ಕೇಳಿದ್ದು ಬೇರೆ.

"ಮನೆಯಿಂದ ಶಾಲೆಗೆ ಎಷ್ಟು ಹೊತ್ತು?"

ನಮ್ಮ ಮನೆ ಅಳದಂಗಡಿಯಿಂದ ಆಚೆ ಗುಡ್ಡದ ಬದಿಯಲ್ಲಿ. "ಅರ್ಧ ಗಂಟೆ," ಎಂದೆ.

"ಅದು ಬಸ್ಸಿಗೆ. ನಿಮಗೆ ಎಷ್ಟು?"

ನಾನು ಅಂಗಳ ಇಳಿದು, ತೋಡಿನ ನೀರಿನ ಮೇಲಿನ ಕಾಲುಸಂಕ ದಾಟಿ, ಗುಡ್ಡ ಹತ್ತಿ ಇಳಿದು, ಬಸ್ಸು ಕಾದು, ಇಲ್ಲಿ ಇಳಿದು ಮತ್ತೆ ನಡೆಯುವುದನ್ನೆಲ್ಲ ಕೂಡಿಸಿ, ಒಂದು ಗಂಟೆ ಹತ್ತು ನಿಮಿಷ ಎಂದು ಒಪ್ಪಿಕೊಂಡೆ.

"ಹಾಗೆ ಹೇಳಿ. ಬಸ್ಸು ನಿಮ್ಮ ಹೊಸ್ತಿಲಿಗೆ ಬರುವುದಿಲ್ಲವಲ್ಲ. ಲೆಕ್ಕ ಯಾವಾಗಲೂ ಹೊಸ್ತಿಲಿನಿಂದ ಹೊಸ್ತಿಲಿಗೆ ಹಾಕಬೇಕು," ಎಂದು ಹಾಜರಿ ಪುಸ್ತಕ ಎತ್ತಿಕೊಂಡು ಹೋದರು. ಈ ಹೆಂಗಸಿನ ಜೊತೆ ನನಗೆ ಏಗಲಿಕ್ಕಾಗುವುದಿಲ್ಲ ಎಂದು ಅಂದೇ ಅಂದುಕೊಂಡೆ.

ಸಪೂರ, ಎತ್ತರ, ಇಸ್ತ್ರಿ ಮಾಡಿದ ನೂಲಿನ ಸೀರೆ. ಎಡಗೈಗೆ ಗಂಡಸರ ದೊಡ್ಡ ವಾಚು, ಅದನ್ನೂ ಮುಖ ಒಳಗಡೆ ತಿರುಗಿಸಿ ಕಟ್ಟುತ್ತಿದ್ದರು. ಹೊತ್ತು ನೋಡುವಾಗ ಅಂಗೈಯಲ್ಲಿ ಏನೋ ಬರೆದುಕೊಂಡದ್ದನ್ನು ಕದ್ದು ಓದುವವರಂತೆ ಕಾಣುತ್ತಿತ್ತು. ಮದುವೆಯಾಗಿರಲಿಲ್ಲ. ಶಾಲೆಯ ಹತ್ತಿರವೇ ಒಂದು ಬಾಡಿಗೆ ಮನೆಯಲ್ಲಿದ್ದರು. ಎಲ್ಲರ ಜೊತೆಗೂ ತುಳುವಿನಲ್ಲಿಯೇ ಮಾತು. ಆದರೆ ಲೆಕ್ಕ ಬಂದರೆ ಸಾಕು, ಕನ್ನಡಕ್ಕೆ ಹೊರಳುತ್ತಿದ್ದರು. ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಹತ್ತಿ ಇಳಿಯುತ್ತಿತ್ತು. ಹೆಬ್ಬೆರಳು ನಿಲ್ಲುವ ತನಕ ಯಾರೂ ಮಾತಾಡಬಾರದು. ಮುಖ್ಯೋಪಾಧ್ಯಾಯರು ಕೂಡ ಕಾಯುತ್ತಿದ್ದರು.

ಶಾಲೆಯಲ್ಲಿ ಒಂದು ಹಳೆಯ ಗ್ಲೋಬು ಇತ್ತು. ಉತ್ತರ ಧ್ರುವದ ಬಳಿ ಬಣ್ಣ ಎದ್ದುಹೋಗಿ ಒಳಗಿನ ರಟ್ಟು ಕಾಣುತ್ತಿತ್ತು. ಟೀಚರ್ ಒಂದು ಹಸಿರು ನೂಲನ್ನು ಅದರ ಮೇಲೆ ಬಿಗಿಯಾಗಿ ಎಳೆದು ಹಿಡಿದು ಮಕ್ಕಳಿಗೆ ವಿಮಾನದ ದಾರಿ ತೋರಿಸುತ್ತಿದ್ದರು. ಬಜಪೆಯಿಂದ ಬೊಂಬಾಯಿಗೆ ಎರಡು ಬೆರಳಿನ ಅಗಲವೂ ಇಲ್ಲ. ನೂಲನ್ನು ಅಲ್ಲಿಂದ ಎತ್ತಿ ರೇಖಾಂಶದ ಗೆರೆಯ ಮೇಲಿಟ್ಟು ಎಷ್ಟು ಡಿಗ್ರಿ ಎಂದು ನೋಡಬೇಕು. ಒಂದು ಡಿಗ್ರಿಗೆ ನೂರ ಹನ್ನೊಂದು ಕಿಲೋಮೀಟರು. ಗುಣಿಸಿದರೆ ಏಳುನೂರು ಚಿಲ್ಲರೆ. ಬಸ್ಸಿನ ದಾರಿ ಸಾವಿರದ ಹತ್ತಿರ. "ವಿಮಾನಕ್ಕೆ ಘಾಟಿ ಇಲ್ಲ, ಸೇತುವೆ ಇಲ್ಲ, ದಾರಿಯಲ್ಲಿ ಚಾಯಕ್ಕೆ ನಿಲ್ಲುವುದೂ ಇಲ್ಲ. ಆದರೆ ವಿಮಾನಕ್ಕೆ ಹತ್ತುವವರಿಗೆ ಇದೆಲ್ಲ ಉಂಟು," ಎನ್ನುತ್ತಿದ್ದರು. ಮಕ್ಕಳಿಗೆ ನಗು ಬಂದರೂ ಲೆಕ್ಕ ಮರೆಯುತ್ತಿರಲಿಲ್ಲ.

ಅವರು ಸ್ವತಃ ವಿಮಾನ ಹತ್ತಿದವರಲ್ಲ. ಎರಡು ಸಲ ಮಕ್ಕಳನ್ನು ಬಜಪೆಗೆ ಕರೆದುಕೊಂಡು ಹೋಗಿ ಬೇಲಿಯ ಹೊರಗಿನಿಂದ ತೋರಿಸಿದ್ದರು, ಅಷ್ಟೆ. ಹಾಗಿದ್ದರೂ ಊರಿನಿಂದ ಗಲ್ಫಿಗೆ ಹೋಗುವವರೆಲ್ಲ ಹೊರಡುವ ಮೊದಲು ಅವರ ಮನೆಗೆ ಬರುತ್ತಿದ್ದರು. ಎಷ್ಟು ಹೊತ್ತಿಗೆ ಮನೆ ಬಿಡಬೇಕು, ಅಲ್ಲಿ ಇಳಿಯುವಾಗ ಅಲ್ಲಿಯ ಗಂಟೆ ಎಷ್ಟು ಎಂಬುದನ್ನು ಅವರು ಒಂದು ಚೀಟಿಯಲ್ಲಿ ಬರೆದುಕೊಡಬೇಕು. ಟಿಕೆಟು ಮಾಡಿಕೊಟ್ಟವರ ಮಾತಿಗಿಂತ ಈ ಚೀಟಿಯ ಮೇಲೆಯೇ ಜನರಿಗೆ ಹೆಚ್ಚು ನಂಬಿಕೆ. ಚೀಟಿಯ ಕೊನೆಯಲ್ಲಿ ಯಾವಾಗಲೂ ಒಂದು ಸಾಲು ಇರುತ್ತಿತ್ತು: ಗೊತ್ತಿಲ್ಲದ್ದಕ್ಕೆ ಒಂದು ದಿನ.

"ಗೊತ್ತಿಲ್ಲದ್ದು ಅಂದರೆ ಎಂತದು ಟೀಚರ್?" ಎಂದು ನಾನೊಮ್ಮೆ ಕೆಣಕಿದ್ದೆ.

"ಗೊತ್ತಿದ್ದರೆ ಹೆಸರು ಬರೆಯುತ್ತಿದ್ದೆ ಮಾಸ್ಟ್ರೇ," ಎಂದರು.

ಆ ಒಂದು ದಿನ ಎಲ್ಲಿಂದ ಬಂತು ಎನ್ನುವುದು ನನಗೆ ಬಹಳ ತಡವಾಗಿ ತಿಳಿಯಿತು. ಅವರ ಹುಟ್ಟೂರು ಬಂಟ್ವಾಳ, ಮನೆ ಹೊಳೆಯ ಆಚೆ ದಡದಲ್ಲಿ. ಹರೆಯದಲ್ಲಿ ಟೀಚರ್ ಟ್ರೈನಿಂಗಿನ ಪರೀಕ್ಷೆಗೆ ಹೊರಟ ಬೆಳಿಗ್ಗೆ ನೇತ್ರಾವತಿ ಏರಿ ದೋಣಿ ಬಿಡಲಿಲ್ಲ. ನೀರು ಸ್ವಲ್ಪ ಇಳಿದ ಮೇಲೆ ದಾಟಿ, ಓಡಿ, ಇಪ್ಪತ್ತು ನಿಮಿಷ ತಡವಾಗಿ ತಲುಪಿದರು. ಒಳಗೆ ಬಿಡಲಿಲ್ಲ. ಒಂದು ವರ್ಷ ಹೋಯಿತು. "ದೂರ ಎಷ್ಟೆಂದು ಗೊತ್ತಿತ್ತು. ಹೊಳೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಬಾಗಿಲಿನ ಹೊರಗೆ ನಿಂತು, ಒಳಗೆ ಎಲ್ಲರೂ ಬರೆಯುವುದನ್ನು ಕಿಟಕಿಯಲ್ಲಿ ನೋಡಿದೆ. ಇನ್ನೊಬ್ಬರು ಹಾಗೆ ನಿಲ್ಲಬಾರದು," ಎಂದಿದ್ದರು. ಅದನ್ನು ಹೇಳುವಾಗ ಅವರ ಸ್ವರದಲ್ಲಿ ದುಃಖ ಇರಲಿಲ್ಲ, ಹಟ ಇತ್ತು.

ಆ ಹಟ ನಮ್ಮ ಮನೆಯ ಜಗಲಿಯ ತನಕ ಬಂದದ್ದು ನನ್ನ ತಂಗಿಯ ವಿಷಯದಲ್ಲಿ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತಂಗಿ ಟೀಚರ ವಿದ್ಯಾರ್ಥಿನಿ. ಮಂಗಳೂರಿನಲ್ಲಿ ನರ್ಸಿಂಗ್ ಕಲಿತು, ಅಲ್ಲೇ ಮೂರು ವರ್ಷ ದುಡಿದು, ಮಸ್ಕತ್ತಿನ ಒಂದು ಆಸ್ಪತ್ರೆಗೆ ಅರ್ಜಿ ಹಾಕಿದ್ದಳು. ಕೆಲಸ ಸಿಕ್ಕಿತು. ಪ್ರವೇಶದ ಕಾಗದವೂ ಬಂತು. ಅದರಲ್ಲಿ ಒಂದು ಕೊನೆಯ ತಾರೀಕು ಇತ್ತು. ಆ ದಿನ ಮುಗಿಯುವುದರೊಳಗೆ ಮಸ್ಕತ್ತಿನಲ್ಲಿ ಇಳಿಯಬೇಕು, ತಪ್ಪಿದರೆ ಕೆಲಸ ಬೇರೆಯವರಿಗೆ, ಎರಡನೆಯ ಕಾಗದ ಕಳಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರು. ಪಾಸ್‌ಪೋರ್ಟು ಕೈಗೆ ಬರುವಾಗ ಆಟಿ ತಿಂಗಳು ಅರ್ಧ ಕಳೆದಿತ್ತು.

ಆಟಿಯಲ್ಲಿ ನಮ್ಮಲ್ಲಿ ಯಾರೂ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ, ದೂರದ ಪ್ರಯಾಣಕ್ಕೆ ಹೊಸ್ತಿಲು ದಾಟುವುದಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಸಂಕ್ರಮಣ ಕಳೆದು ಸೋಣ ತಿಂಗಳು ಹುಟ್ಟುವವರೆಗೆ ಕಾಯಬೇಕು. ಅಪ್ಪ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕಾಗದದ ಕೊನೆಯ ತಾರೀಕು ಸರಿಯಾಗಿ ಸೋಣದ ಮೊದಲ ದಿನವೇ ಬಿದ್ದದ್ದು ಅವರಿಗೆ ದೇವರ ಅನುಗ್ರಹವಾಗಿ ಕಂಡಿತು. ಮಂಗಳೂರಿನ ಟಿಕೆಟಿನವನು ಒಂದು ತುಂಡು ಕಾಗದದಲ್ಲಿ ಬರೆದುಕೊಟ್ಟಿದ್ದ: ಬಜಪೆಯಿಂದ ಬೊಂಬಾಯಿ ಒಂದೂಕಾಲು ಗಂಟೆ, ಬೊಂಬಾಯಿಯಿಂದ ಮಸ್ಕತ್ ಎರಡೂಮುಕ್ಕಾಲು ಗಂಟೆ. ಅಪ್ಪ ಕೂಡಿಸಿದರು. ನಾಲ್ಕು ಗಂಟೆ. ಸೋಣದ ಮೊದಲ ದಿನ ಸೂರ್ಯೋದಯಕ್ಕೆ ಮನೆ ಬಿಟ್ಟು, ಬೆಳಗಿನ ವಿಮಾನದಲ್ಲಿ ಬೊಂಬಾಯಿಗೆ ಹೋಗಿ, ಸಂಜೆ ಐದರ ವಿಮಾನ ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮಸ್ಕತ್ತು. ಎರಡು ಟಿಕೆಟುಗಳನ್ನೂ ಮಾಡಿಸಿಬಿಟ್ಟರು.

ನನಗೂ ಅದು ಸರಿಯೆಂದೇ ತೋರಿತು. ನಾಲ್ಕು ಗಂಟೆಯ ಕೆಲಸಕ್ಕೆ ಇಡೀ ದಿನ ಉಂಟಲ್ಲ. ಹಾಗೆಂದು ಶಾಲೆಯಲ್ಲಿ ಟೀಚರಿಗೆ ಹೇಳಿದೆ. ಅವರ ಹೆಬ್ಬೆರಳು ಗೆಣ್ಣುಗಳ ಮೇಲೆ ನಡೆಯಿತು. ನಿಂತಿತು. ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಹೋದರು. ಆದರೆ ಆ ಭಾನುವಾರ, ಜಡಿಮಳೆಯಲ್ಲಿ, ಸಂಕದ ಮೇಲೆ ನೀರು ಹರಿಯುತ್ತಿರುವಾಗ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನಮ್ಮ ಅಂಗಳಕ್ಕೆ ಬಂದರು.

ಅಮ್ಮ ಬೈರಾಸು ಕೊಟ್ಟಳು. ತಲೆ ಒರೆಸಿಕೊಳ್ಳದೆ ಕೈಯಲ್ಲಿ ಹಿಡಿದುಕೊಂಡೇ ಟೀಚರ್ ಜಗಲಿಯ ತುದಿಯಲ್ಲಿ ಕೂತು ಅಪ್ಪನಿಗೆ ಹೇಳಿದರು. "ಮಗಳನ್ನು ಸಂಕ್ರಮಣಕ್ಕೆ ನಾಲ್ಕು ದಿನ ಮೊದಲೇ ಬಸ್ಸಿನಲ್ಲಿ ಬೊಂಬಾಯಿಗೆ ಕಳಿಸಬೇಕು."

ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಆಟಿಯಲ್ಲಿ ಕಳಿಸುವುದಿಲ್ಲ ಟೀಚರ್. ನಾಲ್ಕು ಗಂಟೆಯ ದಾರಿಗೆ ನಾಲ್ಕು ದಿನ ಯಾಕೆ?"

"ನಾಲ್ಕು ಗಂಟೆ ವಿಮಾನಕ್ಕೆ. ನಿಮ್ಮ ಮಗಳಿಗಲ್ಲ. ಆ ದಿನ ಬಜಪೆಯಲ್ಲಿ ಮೋಡ ಮುಚ್ಚಿದರೆ ವಿಮಾನ ಇಳಿಯುವುದಿಲ್ಲ. ಆಮೇಲೆ?"

"ದೇವರಿದ್ದಾನೆ."

"ಇದ್ದಾನೆ. ಆದರೆ ಮಳೆಯೂ ಉಂಟು. ನಡುವೆ ಆಗಸ್ಟ್ ಹದಿನೈದು ಉಂಟು, ಬೊಂಬಾಯಿಯಲ್ಲಿ ಒಂದು ಕಚೇರಿಯೂ ತೆರೆಯುವುದಿಲ್ಲ. ಎಂತಾದರೂ ಕೇಳಬೇಕಾದರೆ ಯಾರನ್ನು ಕೇಳುವುದು? ಬಸ್ಸಿಗೆ ಒಂದೂವರೆ ದಿನ, ರಜೆಗೆ ಒಂದು ದಿನ, ಗೊತ್ತಿಲ್ಲದ್ದಕ್ಕೆ ಒಂದು ದಿನ."

"ಗೊತ್ತಿಲ್ಲದ್ದಕ್ಕೆ ಹೆದರಿ ಗೊತ್ತಿರುವ ಪದ್ಧತಿ ಬಿಡಲಿಕ್ಕೆ ಆಗುವುದಿಲ್ಲ," ಎಂದರು ಅಪ್ಪ. ಸಿಟ್ಟಿನಿಂದಲ್ಲ. ಅವರಿಗೆ ನಿಜವಾಗಿಯೂ ಭಯವಿತ್ತು. ಮಗಳು ಕಾಣದ ದೇಶಕ್ಕೆ ಹೋಗುವಾಗ ತಾನು ಮಾಡಬಹುದಾದದ್ದು ಒಂದೇ, ಒಳ್ಳೆಯ ದಿನ ನೋಡಿ ಕಳಿಸುವುದು. ಅದನ್ನೂ ಬಿಡಿ ಎಂದರೆ ಅವರ ಕೈಯಲ್ಲಿ ಬೇರೆ ಏನೂ ಇರಲಿಲ್ಲ.

ಬಾಗಿಲ ಹಿಂದೆ ನಿಂತಿದ್ದ ತಂಗಿ ಹೊರಗೆ ಬಂದಳು. "ಅಪ್ಪ, ನಾನು ಹೋಗ್ತೇನೆ. ನೀವು ಹೂಂ ಎನ್ನದಿದ್ದರೂ ಹೋಗ್ತೇನೆ," ಎಂದಳು. ನಮ್ಮ ಮನೆಯಲ್ಲಿ ಯಾರೂ ಅಪ್ಪನಿಗೆ ಹಾಗೆ ಹೇಳಿದ್ದಿಲ್ಲ. ಅಪ್ಪನ ಕೈಯಲ್ಲಿನ ಎಲೆ ಅಲ್ಲೇ ನಿಂತಿತು. ನಾನು ಮಾಡಿನಿಂದ ಬೀಳುವ ನೀರನ್ನು ನೋಡುತ್ತ ಕೂತೆ. ಆ ಕೆಲಸದಲ್ಲಿ ನಾನು ಗಟ್ಟಿಗ.

"ಹಾಗೆ ಹೋಗಬಾರದು," ಎಂದರು ಟೀಚರ್, ತಂಗಿಗೆ. "ಅಪ್ಪ ತಲೆಗೆ ಅಕ್ಕಿಕಾಳು ಹಾಕಿ ಹರಸಿದ ಮೇಲೆಯೇ ಹೋಗಬೇಕು." ಆಮೇಲೆ ಅಪ್ಪನ ಕಡೆ ತಿರುಗಿದರು. "ನೀವು ಪ್ರಸ್ಥಾನ ಇಡುವುದನ್ನು ಒಪ್ಪುತ್ತೀರಲ್ಲ?"

ಹೊರಡುವ ದಿನ ಒಳ್ಳೆಯದಿಲ್ಲದಿದ್ದರೆ, ಒಳ್ಳೆಯ ದಿನ ನೋಡಿ ಪ್ರಯಾಣದ ಗಂಟನ್ನು ಮೊದಲೇ ಬೇರೆಯವರ ಮನೆಯಲ್ಲಿ ತಂದಿಡುವುದು ಪ್ರಸ್ಥಾನ. ಗಂಟು ಹೊಸ್ತಿಲು ದಾಟಿತೆಂದರೆ ಪ್ರಯಾಣ ಶುರುವಾಯಿತೆಂದೇ ಲೆಕ್ಕ. ಮತ್ತೆ ಯಾವಾಗ ಹೋದರೂ ದೋಷವಿಲ್ಲ. ಅಪ್ಪ ತಲೆಯಾಡಿಸಿದರು.

"ಹಾಗಾದರೆ ಅವಳ ಟ್ರಂಕು ಎಲ್ಲುಂಟು?"

ಅಪ್ಪ ನನ್ನನ್ನು ನೋಡಿದರು. ಟ್ರಂಕು ಟೀಚರ ಮನೆಯಲ್ಲಿತ್ತು. ಆಟಿಗೆ ಹತ್ತು ದಿನ ಮೊದಲು ನಮ್ಮ ಮಾಡು ಸೋರಲು ಶುರುವಾದಾಗ, ತಂಗಿಯ ಸರ್ಟಿಫಿಕೇಟು, ಹೊಸ ಬಟ್ಟೆ ಎಲ್ಲ ಒದ್ದೆಯಾಗದಿರಲಿ ಎಂದು ನಾನೇ ಬಸ್ಸಿನ ಮೇಲೆ ಹಾಕಿ ಕೊಂಡುಹೋಗಿದ್ದೆ. ಅಪ್ಪನೇ ದಿನ ನೋಡಿದ್ದರು. ಟ್ರಂಕಿಗೂ ದಿನ ನೋಡುವವರು ಅವರು.

"ಅವಳು ಆಟಿಗೆ ಮೊದಲೇ ಹೊರಟಾಗಿದೆ," ಎಂದರು ಟೀಚರ್. "ಈಗ ನಡು ದಾರಿಯಲ್ಲಿದ್ದಾಳೆ. ನೀವು ಅವಳನ್ನು ನಿಲ್ಲಿಸಿಟ್ಟಿದ್ದೀರಿ, ಅಷ್ಟೆ."

"ಪ್ರಸ್ಥಾನ ಇಟ್ಟರೆ ಹತ್ತು ದಿನದೊಳಗೆ ಹೋಗಬೇಕು," ಎಂದರು ಅಪ್ಪ. ಆದರೆ ಸ್ವರ ಇಳಿದಿತ್ತು.

"ಪಾಸ್‌ಪೋರ್ಟು ತಡ ಮಾಡಿದ್ದು ಸರ್ಕಾರ. ಆ ದೋಷ ಸರ್ಕಾರಕ್ಕೆ ಹೋಗಲಿ."

ಅಪ್ಪನಿಗೆ ನಗು ಬಂತು. ನಗು ಬಂದ ಮೇಲೆ ಹಟ ಹಿಡಿಯುವುದು ಕಷ್ಟ. ಟೀಚರಿಗೆ ಪ್ರಸ್ಥಾನದಲ್ಲಿ ನಂಬಿಕೆ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನ ನಂಬಿಕೆಯನ್ನು ಅವರು ಹೊಳೆಯಷ್ಟೇ ಗಂಭೀರವಾಗಿ ಲೆಕ್ಕಕ್ಕೆ ಹಿಡಿದಿದ್ದರು, ಅದು ಗೊತ್ತು.

ಸಂಕ್ರಮಣಕ್ಕೆ ನಾಲ್ಕು ದಿನ ಇರುವಾಗ ಅಪ್ಪ ಅಕ್ಕಿಕಾಳು ಹಾಕಿ ಮಗಳನ್ನು ಕಳಿಸಿದರು. ನಾನು ಜೊತೆಗೆ ಹೋದೆ. ಟೀಚರ್ ಬಸ್‌ ಸ್ಟಾಪಿಗೆ ಟ್ರಂಕು ಹೊರಿಸಿಕೊಂಡು ಬಂದಿದ್ದರು, ಹನ್ನೆರಡು ನಿಮಿಷ ಮೊದಲು. ತಂಗಿಯ ಕೈಗೆ ಚೀಟಿ ಕೊಟ್ಟರು. ಸಂಜೆ ಐದಕ್ಕೆ ವಿಮಾನ, ಎರಡೂಮುಕ್ಕಾಲು ಗಂಟೆ ಹಾರಾಟ, ಅಂದರೆ ನಮ್ಮ ಏಳೂಮುಕ್ಕಾಲು. ಅಲ್ಲಿಯ ಗಡಿಯಾರ ಒಂದೂವರೆ ಗಂಟೆ ಹಿಂದೆ, ಆದ್ದರಿಂದ ಇಳಿಯುವಾಗ ಅಲ್ಲಿ ಆರೂಕಾಲು. "ಹೋಗುವಾಗ ಈ ಒಂದೂವರೆ ಗಂಟೆ ನಿನಗೆ ಸಿಗ್ತದೆ. ಬರುವಾಗ ವಾಪಸು ಕೊಡಬೇಕು. ನೆನಪಿಟ್ಟುಕೋ," ಎಂದರು. ತಂಗಿ ಕಾಲಿಗೆ ಬಿದ್ದಳು. ಟೀಚರ್ ಅಂಗೈ ತಿರುಗಿಸಿ ವಾಚು ನೋಡಿದರು.

ಬೊಂಬಾಯಿಯಲ್ಲಿ ದೂರದ ಸಂಬಂಧಿಕರ ಮನೆಯಲ್ಲಿ ಉಳಿದೆವು. ಆ ಮನೆಯವರು ಪಾಸ್‌ಪೋರ್ಟು ಬಿಡಿಸಿ ನೋಡಿ, "ಮುದ್ರೆ ಎಲ್ಲಿ?" ಎಂದು ಕೇಳಿದರು. ಕೆಲಸಕ್ಕೆಂದು ಪರದೇಶಕ್ಕೆ ಹೋಗುವವರ ಪಾಸ್‌ಪೋರ್ಟಿಗೆ ಒಂದು ಸರ್ಕಾರಿ ಮುದ್ರೆ ಬೀಳಬೇಕಂತೆ. ಅದಿಲ್ಲದೆ ವಿಮಾನ ಹತ್ತಲು ಬಿಡುವುದಿಲ್ಲವಂತೆ. ನಮಗೆ ಯಾರೂ ಹೇಳಿರಲಿಲ್ಲ, ಟೀಚರಿಗೂ ಗೊತ್ತಿರಲಿಲ್ಲ. ಹದಿನಾಲ್ಕರಂದು ಸಾಲಿನಲ್ಲಿ ನಿಂತು ಅರ್ಜಿ ಕೊಟ್ಟೆವು. ಹದಿನೈದು ರಜೆ. ಮರುದಿನ ಮಧ್ಯಾಹ್ನ ಮೂರಕ್ಕೆ ಮುದ್ರೆ ಬಿತ್ತು. ಅದರ ಮರುದಿನವೇ ಕಾಗದದ ಕೊನೆಯ ದಿನ, ಸೋಣದ ಮೊದಲ ದಿನ. ತಂಗಿ ಆ ಸಂಜೆ ಹಾರಿದಳು. ಟ್ರಂಕು ಒಳಗೆ ಹೋಗುವುದನ್ನು ನೋಡುತ್ತ ನಾನು ಹೊರಗೆ ನಿಂತೆ. ಆ ಬೆಳಿಗ್ಗೆ ಊರಿನಿಂದ ಹೊರಟಿದ್ದರೆ ಇವಳೂ ಬಾಗಿಲಿನ ಹೊರಗೇ ಉಳಿಯುತ್ತಿದ್ದಳು ಎನ್ನುವುದು ಅಲ್ಲಿ ನಿಂತಾಗ ಸರಿಯಾಗಿ ಅರ್ಥವಾಯಿತು.

ನಾನು ಮನೆಗೆ ವಾಪಸು ಬಂದಾಗ ಟೀಚರ್ ಜಗಲಿಯಲ್ಲಿ ಕೂತಿದ್ದರು. ಅಪ್ಪ ಸ್ವಲ್ಪ ಬಿಗುಮಾನದಲ್ಲಿದ್ದರು. "ಬಜಪೆಗೆ ವಿಮಾನ ಬಂದಿತ್ತು ಮಾರಾಯ, ಆ ದಿನ. ಸರಿಯಾದ ಟೈಮಿಗೆ," ಎಂದರು ನನಗೆ, ಟೀಚರಿಗೆ ಕೇಳುವ ಹಾಗೆ.

"ಒಳ್ಳೆಯದಾಯಿತು. ಅದರಲ್ಲಿ ಹೋದವರಿಗೆ," ಎಂದರು ಟೀಚರ್.

ನಾನು ಮುದ್ರೆಯ ಕತೆ ಹೇಳಿದೆ. ಅಪ್ಪ ಎಲೆ-ಅಡಿಕೆಯ ತಟ್ಟೆಯನ್ನು ಬದಿಗೆ ಸರಿಸಿದರು. ಆಮೇಲೆ ಅಮ್ಮನನ್ನು ಕರೆದು, "ಟೀಚರಿಗೆ ಊಟಕ್ಕೆ ಹಾಕು," ಎಂದರು. ಊಟದ ಹೊತ್ತು ಇನ್ನೂ ಆಗಿರಲಿಲ್ಲ.

ತಂಗಿಯ ಮೊದಲ ಪತ್ರ ಬಂದಾಗ ಟೀಚರ್ ಓದಿದ್ದು ಒಂದೇ ಸಾಲು, ಇಳಿದದ್ದು ಆರು ನಲವತ್ತಕ್ಕೆ. "ಇಪ್ಪತ್ತೈದು ನಿಮಿಷ ಎಲ್ಲಿ ಹೋಯಿತು?" ಎಂದು ಹುಬ್ಬು ಗಂಟಿಕ್ಕಿದರು. ಒಂದು ವಾರ ಒಂಬತ್ತನೆಯ ತರಗತಿಯ ಮಕ್ಕಳಿಗೆ ಇದೇ ಪ್ರಶ್ನೆ. ಕೊನೆಗೆ ಮಳೆಗಾಲದ ಗಾಳಿ ನೈಋತ್ಯದಿಂದ ಬೀಸುವುದರಿಂದ ವಿಮಾನಕ್ಕೆ ಎದುರಾಗಿರಬೇಕು ಎಂದು ಒಬ್ಬಳು ಹೇಳಿದಳಂತೆ. ಆ ದಿನ ಟೀಚರ್ ಸ್ಟಾಫ್ ರೂಮಿಗೆ ಬಂದು ನನಗೆ ಚಾಯ ಕುಡಿಸಿದರು.

ವರ್ಷಗಳು ಕಳೆದವು. ಅವರು ನಿವೃತ್ತರಾಗಿ ಮೂಡಬಿದಿರೆಯಲ್ಲಿ ತಮ್ಮನ ಮನೆಗೆ ಹೋದರು. ತಂಗಿ ರಜೆಯಲ್ಲಿ ಬಂದಾಗಲೆಲ್ಲ, ಬನ್ನಿ ಟೀಚರ್, ಬೊಂಬಾಯಿಗೆ ವಿಮಾನದಲ್ಲಿ ಹೋಗಿ ಬರುವ ಎಂದು ಕರೆಯುತ್ತಿದ್ದಳು. "ಬೊಂಬಾಯಿಯಲ್ಲಿ ನನಗೆ ಕೆಲಸ ಎಂತ ಉಂಟು?" ಎಂದು ಅವರು ತೇಲಿಸಿಬಿಡುತ್ತಿದ್ದರು. ಆಸೆ ಇರಲಿಲ್ಲ ಎಂದು ನಾನು ನಂಬುವುದಿಲ್ಲ.

ಈ ವರ್ಷ ಆಟಿ ಶುರುವಾಗುವಾಗ ಅವರು ಹಾಸಿಗೆ ಹಿಡಿದರು. ನಾನು ತಂಗಿಗೆ ಪತ್ರ ಬರೆದೆ. ಬಾ ಎಂದು ಬರೆಯಲಿಲ್ಲ. ಟೀಚರ್ ಈಗ ವಾಚು ಕಟ್ಟುವುದಿಲ್ಲ ಎಂದಷ್ಟೇ ಬರೆದೆ. ಪತ್ರ ಮುಟ್ಟಿದ ಮರುದಿನ ಅವಳು ತಂತಿ ಕೊಟ್ಟು ಹೊರಟಳು. ಅವಳು ಆಟಿಯಲ್ಲೇ ಬರುತ್ತಿದ್ದಾಳೆಂದು ಅಪ್ಪನಿಗೆ ಹೇಳಲು ನಾನು ಹಿಂಜರಿದೆ. "ಆಟಿಯಲ್ಲಿ ಮಗಳು ಮನೆಗೆ ಬರುವುದೇ ಅಲ್ವಾ ಪದ್ಧತಿ? ನೀನು ಬಜಪೆಗೆ ಬೇಗ ಹೋಗಿ ನಿಲ್ಲು," ಎಂದರು ಅಪ್ಪ.

ಬಜಪೆಯಿಂದ ನೇರವಾಗಿ ಮೂಡಬಿದಿರೆಗೆ ಹೋದೆವು. ಟೀಚರ್ ಕಿಟಕಿಯ ಬಳಿಯ ಮಂಚದಲ್ಲಿದ್ದರು. ಕೈ ಹಂಚಿಕಡ್ಡಿಯಷ್ಟಾಗಿತ್ತು. ತಂಗಿಯನ್ನು ಗುರುತು ಹಿಡಿದು, ಕೂತುಕೋ ಎಂದು ಕಣ್ಣಿನಲ್ಲಿಯೇ ಹೇಳಿ, ಕೇಳಿದರು. "ಅಲ್ಲಿ ಎಷ್ಟು ಹೊತ್ತಿಗೆ ಮನೆ ಬಿಟ್ಟೆ?"

"ನಿನ್ನೆ ಬೆಳಿಗ್ಗೆ ಆರಕ್ಕೆ, ಟೀಚರ್."

"ಈಗ?"

"ನಾಲ್ಕು ಗಂಟೆ."

ಹೆಬ್ಬೆರಳು ಗೆಣ್ಣುಗಳ ಮೇಲೆ ಹೊರಟಿತು. ಬಹಳ ನಿಧಾನ. ನಾವು ಕಾದೆವು. "ಮೂವತ್ತನಾಲ್ಕು," ಎಂದರು.

ತಂಗಿ ನನ್ನನ್ನು ನೋಡಿದಳು. ತಪ್ಪಿತ್ತು. ನಮ್ಮಿಬ್ಬರಿಗೂ ತಿಳಿಯಿತು. ಅಂಥ ತಪ್ಪು ಅವರಿಂದ ನಾನು ಕೇಳಿದ್ದು ಅದೇ ಮೊದಲು. "ಹೌದು ಟೀಚರ್," ಎಂದಳು ತಂಗಿ, ಮೆಲ್ಲಗೆ. ಅವರು ಕಣ್ಣು ಮುಚ್ಚಿದರು. ತಂಗಿ ಅವರ ಕೈ ಹಿಡಿದು ಕೂತಳು. ಒಂದು ಗಂಟೆ ಕಳೆದಿರಬೇಕು. ನಿದ್ದೆ ಬಂದಿದೆ ಎಂದುಕೊಂಡು ಸದ್ದಾಗದಂತೆ ಎದ್ದೆವು. ಬಾಗಿಲು ದಾಟುವಾಗ ಹಿಂದಿನಿಂದ ಸ್ವರ ಬಂತು, ತರಗತಿಯಲ್ಲಿ ಇರುತ್ತಿದ್ದ ಅದೇ ಸ್ವರ.

"ಅದರಲ್ಲಿ ಗಡಿಯಾರದ ಒಂದೂವರೆ ಗಂಟೆ ಕಳೆಯಬೇಕು."

ನಾವು ತಿರುಗಿದೆವು. ಟೀಚರ್ ಕಣ್ಣು ಬಿಟ್ಟು ತಂಗಿಯನ್ನೇ ನೋಡುತ್ತಿದ್ದರು.

"ನಿನಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲ?"

ತಂಗಿಯ ಕಣ್ಣಿನಲ್ಲಿ ನೀರು ತುಂಬಿತ್ತು.

"ಅಳಬೇಡ. ಎಷ್ಟು, ಹೇಳು."

"ಮೂವತ್ತೆರಡೂವರೆ, ಟೀಚರ್."

"ಹಾಂ," ಎಂದರು. "ಈಗ ನೀನು ಬಂದು ತಲುಪಿದೆ."